ಇಬ್ಬರು ಸ್ನೇಹಿತರು, ಒಂದೇ ಹಬ್ಬ



ಕ್ರಿಸ್ತಜಯಂತಿಯ ಗೋದಲಿಯನ್ನು ನಾವಿನ್ನೂ ತೆಗೆದಿಟ್ಟಿಲ್ಲ. ಧರ್ಮಕೇಂದ್ರದ ಗೋದಲಿ ಸ್ಪರ್ಧೆಯ ಬಹುಮಾನ ಯಾರಿಗೆ ಬಂತು ಎಂಬ ಮಾತು ಇನ್ನೂ ಮುಗಿದಿಲ್ಲ. "ಅವರದ್ದಕ್ಕಿಂತ ನಮ್ಮದೇ ಚೆನ್ನಾಗಿತ್ತು" ಎಂದು ಒಂದೆರಡು ಮನೆಗಳಲ್ಲಾದರೂ ಹೇಳಿಕೊಂಡಿರುತ್ತೇವೆ. ಬಡತನದಲ್ಲಿ ಹುಟ್ಟಿದ ಬಾಲಯೇಸುವಿನ ಮುಂದೆ ಮೊಣಕಾಲೂರಿಯೂ ನಮ್ಮ ಕಣ್ಣು ಪಕ್ಕದ ಮನೆಯವರ ಗೋದಲಿಯನ್ನು ಅಳೆಯುತ್ತಿರುತ್ತದೆ!

ಇಂತಹ ದಿನಗಳಲ್ಲೇ, ಜನವರಿ 2ರಂದು, ಧರ್ಮಸಭೆಯು ಇಬ್ಬರು ಸಂತರನ್ನು ಒಟ್ಟಾಗಿ ಸ್ಮರಿಸುತ್ತದೆ. ಒಬ್ಬರು ಮಹಾ ಸಂತ ಬೆಸಿಲರು, ಇನ್ನೊಬ್ಬರು ನಾಜಿಯಾನ್ಜಸಿನ ಸಂತ ಗ್ರೆಗೊರಿಯವರು. ಹಿಂದೆ ಇವರ ಹಬ್ಬಗಳು ಬೇರೆ ಬೇರೆಯಾಗಿದ್ದವು. ಬೆಸಿಲರದ್ದು ಜೂನ್ 14, ಗ್ರೆಗೊರಿಯವರದ್ದು ಮೇ 9. 1969ರಲ್ಲಿ ಪೂಜಾ ಪಂಚಾಂಗವನ್ನು ಪರಿಷ್ಕರಿಸಿದಾಗ ಇಬ್ಬರನ್ನೂ ಒಂದೇ ದಿನಕ್ಕೆ ತರಲಾಯಿತು. ಈ ಇಬ್ಬರ ಚರಿತ್ರೆಯನ್ನು ಅರಿತವರಿಗೆ ಇದು ಎಷ್ಟು ಸೂಕ್ತವೆಂಬುದು ತಿಳಿಯುತ್ತದೆ.

ಇಬ್ಬರೂ ಕಪ್ಪದೋಕ್ಯದವರು. ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ಸೇರಿದ್ದ ಜನರ ಪಟ್ಟಿಯಲ್ಲಿ ಈ ಹೆಸರನ್ನು ನಾವು ಕೇಳಿದ್ದೇವೆ. ಇಂದಿನ ಟರ್ಕಿ ದೇಶದಲ್ಲಿರುವ ಸೀಮೆ ಅದು. ಇಬ್ಬರೂ ಸುಮಾರು ಕ್ರಿ.ಶ. 330ರ ಆಸುಪಾಸಿನಲ್ಲಿ ಹುಟ್ಟಿದವರು. ಇಬ್ಬರದ್ದೂ ಭಕ್ತಿವಂತ ಮನೆತನ, ಇಬ್ಬರೂ ಅಸಾಧಾರಣ ಬುದ್ಧಿವಂತರು. ಉನ್ನತ ವಿದ್ಯಾಭ್ಯಾಸಕ್ಕಾಗಿ ಇಬ್ಬರೂ ಅಥೆನ್ಸ್ ನಗರಕ್ಕೆ ಹೋದರು.

ಗ್ರೆಗೊರಿಯವರು ಮೊದಲೇ ಅಲ್ಲಿದ್ದರು, ಬೆಸಿಲರು ಆಮೇಲೆ ಬಂದರು. ಹೊಸಬರನ್ನು ಹಳಬರು ಗೇಲಿಮಾಡಿ, ಗದ್ದಲದೊಂದಿಗೆ ಸ್ನಾನಗೃಹದವರೆಗೆ ಮೆರವಣಿಗೆಯಲ್ಲಿ ಕರೆದೊಯ್ಯುವ ಪದ್ಧತಿ ಅಲ್ಲಿತ್ತು. ನಮ್ಮ ಕಾಲೇಜುಗಳ ರ‍್ಯಾಗಿಂಗಿನಂತೆಯೇ! ಬೆಸಿಲರ ಗಂಭೀರ ಸ್ವಭಾವವನ್ನು ಅರಿತಿದ್ದ ಗ್ರೆಗೊರಿಯವರು ಸಹಪಾಠಿಗಳಿಗೆ ತಿಳಿಹೇಳಿ ಅವರನ್ನು ಅದರಿಂದ ಪಾರುಮಾಡಿದರು. ಇದು ಕೆಲವರಿಗೆ ಸಹಿಸಲಿಲ್ಲ. ಬೆಸಿಲರಿಗೆ ಮೊದಲಿನಿಂದಲೂ ಪರಿಚಿತರಾಗಿದ್ದ ಅರ್ಮೇನಿಯದ ಕೆಲವು ವಿದ್ಯಾರ್ಥಿಗಳು, ನಿನ್ನೆ ಮೊನ್ನೆ ಬಂದವನಿಗೆ ಇಷ್ಟು ಗೌರವವೇ ಎಂದು ಹೊಟ್ಟೆಕಿಚ್ಚುಪಟ್ಟು, ವಾದದಲ್ಲಿ ಅವರನ್ನು ಸೋಲಿಸಲು ಮುಂದಾದರು. ಅಥೆನ್ಸಿನ ಹಳೆಯ ವಿದ್ಯಾರ್ಥಿಗಳ ಮಾನ ಉಳಿಸಬೇಕೆಂದು ಮೊದಲು ಗ್ರೆಗೊರಿಯವರೂ ಅವರ ಪಕ್ಷ ವಹಿಸಿದರು. ಆದರೆ ಅವರ ಮಾತಿನ ಹಿಂದಿದ್ದುದು ಅಸೂಯೆ ಎಂಬುದು ತಿಳಿದ ಕೂಡಲೇ ಬೆಸಿಲರ ಕಡೆಗೆ ಬಂದು ನಿಂತರು. ಇದನ್ನು ಮುಂದೆ ಗ್ರೆಗೊರಿಯವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರ ಗಾಢ ಸ್ನೇಹ ಬೆಳೆದದ್ದು ಹೀಗೆ.

ಇಬ್ಬರ ಗುರಿಯೂ ಒಂದೇ ಆಗಿತ್ತು: ವಿದ್ಯೆ. ಅಸೂಯೆ ಹುಟ್ಟಲು ಇದಕ್ಕಿಂತ ಫಲವತ್ತಾದ ನೆಲ ಬೇರೊಂದಿಲ್ಲವೆಂಬುದನ್ನು ಗ್ರೆಗೊರಿಯವರು ಬಲ್ಲವರಾಗಿದ್ದರು. ತಮ್ಮಲ್ಲೂ ಪೈಪೋಟಿಯಿತ್ತು ಎನ್ನುತ್ತಾರೆ ಅವರು. ಆದರೆ ಅದು ಮೊದಲ ಸ್ಥಾನವನ್ನು ಗೆಲ್ಲುವುದಕ್ಕಲ್ಲ, ಸ್ನೇಹಿತನಿಗೆ ಬಿಟ್ಟುಕೊಡುವುದಕ್ಕೆ. ಗೆಳೆಯನ ಕೀರ್ತಿಯನ್ನು ಇಬ್ಬರೂ ತಮ್ಮದೆಂದೇ ಎಣಿಸುತ್ತಿದ್ದರು. ಅವರಿಗೆ ಆ ನಗರದಲ್ಲಿ ಗೊತ್ತಿದ್ದ ದಾರಿಗಳು ಎರಡೇ. ಒಂದು ದೇವಾಲಯಕ್ಕೆ, ಇನ್ನೊಂದು ಗುರುಗಳ ಬಳಿಗೆ.

ಊರಿಗೆ ಮರಳಿದ ಮೇಲೆ ಇಬ್ಬರೂ ಯಾಜಕರಾದರು. ಬೆಸಿಲರಿಗೂ ಸೆಸರಿಯದ ಧರ್ಮಾಧ್ಯಕ್ಷರಾದ ಯೂಸೆಬಿಯಸರಿಗೂ ವೈಮನಸ್ಯ ಉಂಟಾಯಿತು. ಧರ್ಮಸಭೆ ಒಡೆಯಬಾರದೆಂದು ಬೆಸಿಲರು ಊರನ್ನೇ ಬಿಟ್ಟು ಏಕಾಂತವಾಸಕ್ಕೆ ತೆರಳಿದರು. ಆಗ ಆ ಧರ್ಮಾಧ್ಯಕ್ಷರು ಗ್ರೆಗೊರಿಯವರನ್ನು ಗೌರವದಿಂದ ಆಹ್ವಾನಿಸಿದರು. ಹೋಲಿಕೆಯಲ್ಲಿ ಗೆಲ್ಲಲು ಎಂತಹ ಅವಕಾಶ! ಆದರೆ ಗ್ರೆಗೊರಿಯವರ ಉತ್ತರ ಬೇರೆಯೇ ಆಗಿತ್ತು. ಬೆಸಿಲರನ್ನು ಅವಮಾನಿಸಿ ನನ್ನನ್ನು ಗೌರವಿಸುವುದೆಂದರೆ ಒಂದು ಕೈಯಿಂದ ತಲೆ ಸವರಿ ಇನ್ನೊಂದು ಕೈಯಿಂದ ಕೆನ್ನೆಗೆ ಹೊಡೆದಂತೆ ಎಂಬರ್ಥದಲ್ಲಿ ಪತ್ರ ಬರೆದರು. ಅವರ ಸಂಧಾನದಿಂದಾಗಿ ಸುಮಾರು 365ರಲ್ಲಿ ಬೆಸಿಲರು ಸೆಸರಿಯಕ್ಕೆ ಹಿಂದಿರುಗಿದರು. 370ರಲ್ಲಿ ಅಲ್ಲಿಯ ಧರ್ಮಾಧ್ಯಕ್ಷರೂ ಆದರು.

ಆದರೆ ಸಂತರ ಸ್ನೇಹಕ್ಕೂ ಪರೀಕ್ಷೆ ತಪ್ಪಲಿಲ್ಲ. 372ರಲ್ಲಿ ಚಕ್ರವರ್ತಿ ವೇಲೆನ್ಸನು ಕಪ್ಪದೋಕ್ಯವನ್ನು ಎರಡಾಗಿ ವಿಭಜಿಸಿದ. ಬೆಸಿಲರ ಅಧಿಕಾರಕ್ಷೇತ್ರ ಕುಗ್ಗಿತು. ತಮ್ಮ ಹಿಡಿತ ಉಳಿಸಿಕೊಳ್ಳಲು ಅವರು ಹೊಸ ಧರ್ಮಾಧ್ಯಕ್ಷರನ್ನು ನೇಮಿಸಿದರು. ಗೆಳೆಯ ಗ್ರೆಗೊರಿಯವರಿಗೆ ಸಿಕ್ಕಿದ್ದು ಸಸಿಮ ಎಂಬ ಊರು. ದಾರಿಗಳು ಕೂಡುವ ಒಂದು ಸಣ್ಣ ನಿಲುಗಡೆ. ನೀರಿಲ್ಲ, ಹಸಿರಿಲ್ಲ, ಬರೀ ಧೂಳು ಮತ್ತು ಗಾಡಿಗಳ ಸದ್ದು. ಗೆಳೆಯ ಮಹಾನಗರದ ಪೀಠದಲ್ಲಿ, ತಾನು ಈ ಧೂಳಿನಲ್ಲಿ! ಗ್ರೆಗೊರಿಯವರ ಮನಸ್ಸು ನೊಂದಿತು. ಪೀಠವೇರಿದ ಮೇಲೆ ಬೆಸಿಲರು ಸ್ನೇಹವನ್ನು ಮರೆತರೆಂದು ಅವರಿಗೆ ಅನ್ನಿಸಿತು. ಅವರು ಸಸಿಮದಲ್ಲಿ ನೆಲೆಸಲೇ ಇಲ್ಲ. ನಾಜಿಯಾನ್ಜಸಿನಲ್ಲಿ ಧರ್ಮಾಧ್ಯಕ್ಷರಾಗಿದ್ದ ತಮ್ಮ ವೃದ್ಧ ತಂದೆಗೆ ನೆರವಾದರು.

ಪರಂಪರೆಯ ಪ್ರಕಾರ 379ರ ಜನವರಿ 1ರಂದು ಬೆಸಿಲರು ದೈವಾಧೀನರಾದರು. ಅದೇ ವರ್ಷ ಗ್ರೆಗೊರಿಯವರು ಕಾನ್‌ಸ್ಟಾಂಟಿನೋಪಲಿಗೆ ಹೋಗಿ, ಒಂದು ಚಿಕ್ಕ ಪ್ರಾರ್ಥನಾಲಯದಲ್ಲಿ ತ್ರೈಏಕ ದೇವರ ವಿಶ್ವಾಸವನ್ನು ಬೋಧಿಸಿದರು. 381ರ ಮಹಾಸಭೆಯಲ್ಲಿ ಅವರು ಆ ರಾಜಧಾನಿಯ ಧರ್ಮಾಧ್ಯಕ್ಷರಾಗಿ ಸಭೆಯ ಅಧ್ಯಕ್ಷತೆಯನ್ನೂ ವಹಿಸಿದರು. ನಾವು ಭಾನುವಾರಗಳಂದು ಹೇಳುವ ದೀರ್ಘ ವಿಶ್ವಾಸ ಪ್ರಮಾಣವು ಈ ಮಹಾಸಭೆಗೆ ಸೇರಿದ್ದು. ಅಲ್ಲಿಯೂ ವಿರೋಧ ಎದ್ದಿತು. ಸಸಿಮಕ್ಕೆ ನೇಮಕವಾದವರು ಇಲ್ಲಿಗೆ ಬರುವುದು ನಿಯಮಕ್ಕೆ ವಿರುದ್ಧವೆಂದು ಕೆಲವರು ಆಕ್ಷೇಪಿಸಿದರು. ನೋಡಿ, ಗೆಳೆಯನು ಹೊರಿಸಿದ ಅದೇ ಸಸಿಮ! ಗ್ರೆಗೊರಿಯವರು ಪೀಠಕ್ಕಾಗಿ ಹೋರಾಡಲಿಲ್ಲ. ಪ್ರವಾದಿ ಯೋನನಂತೆ ತನ್ನನ್ನು ಎಸೆದರೆ ಹಡಗು ಶಾಂತವಾಗುವುದಾದರೆ ಆಗಲಿ ಎಂದು ರಾಜೀನಾಮೆ ಕೊಟ್ಟು ಊರಿಗೆ ಮರಳಿದರು.

ಊರಿಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬೆಸಿಲರ ಸ್ಮರಣೆಯಲ್ಲಿ ನೀಡಿದ ದೀರ್ಘ ಪ್ರಬೋಧನೆ. ಅಥೆನ್ಸಿನ ದಿನಗಳ ಸುದ್ದಿ ನಮಗೆ ದೊರಕಿರುವುದು ಇದರಿಂದಲೇ. ಸಸಿಮದ ನೋವನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ. ಆದರೂ ತನಗಿಂತ ದೊಡ್ಡ ಹೆಸರು ಪಡೆದ ಸ್ನೇಹಿತನನ್ನು ಮನಸಾರೆ ಕೊಂಡಾಡಿದರು. ಪ್ರಿಯರೇ, ನೋವೇ ಇಲ್ಲದವನು ಹೊಗಳುವುದು ಸುಲಭ. ನೊಂದವನು ಹೊಗಳಬೇಕಾದರೆ ದೇವರ ಕೃಪೆ ಬೇಕು.

ಅಸೂಯೆಯ ಕುರಿತು ಬೆಸಿಲರದ್ದೂ ಒಂದು ಪ್ರಬೋಧನೆ ಉಳಿದಿದೆ. ತುಕ್ಕು ಕಬ್ಬಿಣವನ್ನು ತಿನ್ನುವಂತೆ ಅಸೂಯೆ ತನ್ನನ್ನು ಹೊತ್ತವನನ್ನೇ ತಿನ್ನುತ್ತದೆ ಎನ್ನುತ್ತಾರೆ ಅವರು. ಬೇರೆ ಕಾಯಿಲೆಯಾದರೆ ವೈದ್ಯರಿಗೆ ಹೇಳಬಹುದು. ಈ ರೋಗಿ ಏನೆಂದು ಹೇಳಿಕೊಂಡಾನು? ಸಹೋದರನಿಗೆ ಒಳಿತಾಯಿತು, ಅದಕ್ಕೇ ನನಗೆ ಸಂಕಟ ಎಂದೇ? ದೂರದ ದೇಶದವನ ಮೇಲೆ ಯಾರಿಗೂ ಅಸೂಯೆ ಇರುವುದಿಲ್ಲ; ನೆರೆಯವರು, ಒಂದೇ ಕಸುಬಿನವರು, ನೆಂಟರು, ಇವರ ನಡುವೆಯೇ ಅದು ಹುಟ್ಟುತ್ತದೆ ಎಂದೂ ಅವರು ಎಚ್ಚರಿಸಿದ್ದಾರೆ. ಎಲ್ಲೋ ಇರುವ ಕೋಟ್ಯಧೀಶನ ಬಂಗಲೆ ನಮ್ಮ ನಿದ್ದೆ ಕೆಡಿಸುವುದಿಲ್ಲ. ಓರಗಿತ್ತಿಯ ಹೊಸ ಬಳೆ ಕೆಡಿಸುತ್ತದೆ. ಕಾಯಿನನು ಕೊಂದದ್ದು ಒಡಹುಟ್ಟಿದವನನ್ನೇ ಅಲ್ಲವೇ?

ಹನ್ನೊಂದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬೆಸಿಲರು, ಗ್ರೆಗೊರಿಯವರು, ಯೊವಾನ್ನ ಕ್ರಿಸೊಸ್ತೋಮರು, ಈ ಮೂವರಲ್ಲಿ ಯಾರು ದೊಡ್ಡವರೆಂದು ಜನರು ಪಂಗಡ ಕಟ್ಟಿ ಜಗಳವಾಡಿದರಂತೆ. ಕೊನೆಗೆ ಮೂವರಿಗೂ ಸೇರಿಸಿ ಜನವರಿ 30ರಂದು ಒಂದೇ ಹಬ್ಬ ನಿಗದಿಯಾಯಿತು ಎಂದು ಪೂರ್ವದ ಧರ್ಮಸಭೆಯ ಪರಂಪರೆ ಹೇಳುತ್ತದೆ. ಮೊದಲ ಸ್ಥಾನವನ್ನು ಬಿಟ್ಟುಕೊಡಲು ಬದುಕಿದವರ ಹೆಸರಿನಲ್ಲೇ ಮೊದಲ ಸ್ಥಾನಕ್ಕಾಗಿ ಜಗಳ!

ನಾವೆಲ್ಲರೂ ಕ್ರಿಸ್ತರ ಒಂದೇ ದೇಹದ ಅಂಗಗಳೆಂದು ಸಂತ ಪೌಲರು ಬೋಧಿಸಿದ್ದಾರೆ. ಒಂದು ಅಂಗಕ್ಕೆ ಗೌರವ ಬಂದರೆ ಉಳಿದವೂ ಹಿಗ್ಗಬೇಕು. ಪರೀಕ್ಷೆಗಳು ಹತ್ತಿರ ಬರುತ್ತಿವೆ. ಪಕ್ಕದ ಮನೆಯ ಮಗುವಿನ ಅಂಕಗಳನ್ನು ಹಿಡಿದು ನಮ್ಮ ಮಗುವನ್ನು ಚುಚ್ಚದಿರೋಣ. ಆ ಅಂಕಗಳಿಗಾಗಿ ಮಗುವಿನೊಂದಿಗೆ ಸೇರಿ ದೇವರಿಗೆ ವಂದನೆ ಹೇಳೋಣ. ಯಾರ ಹೆಸರು ಕೇಳಿದರೆ ಮನಸ್ಸು ಮುದುಡುತ್ತದೆಯೋ ಅವರನ್ನು ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ನೆನೆಯೋಣ. ಮೊದಮೊದಲು ನಾಲಿಗೆ ತೊದಲಬಹುದು. ಸಂತ ಗ್ರೆಗೊರಿಯವರಿಗೂ ಅದು ಒಂದೇ ದಿನದಲ್ಲಿ ಕೂಡಿಬರಲಿಲ್ಲ.

ಮಹಾ ಸಂತ ಬೆಸಿಲರೇ, ಸಂತ ಗ್ರೆಗೊರಿಯವರೇ, ನಮಗಾಗಿ ಪ್ರಾರ್ಥಿಸಿರಿ.