ಕುದುರೆ ಪಂದ್ಯ: ಓಟದ ನೆಲ ಮತ್ತು ಹೊಣೆಯ ಪ್ರಶ್ನೆ

ದೆಹಲಿ ಮೆಟ್ರೋದ ಹಳದಿ ಮಾರ್ಗದಲ್ಲಿ ಜೋರ್‌ಬಾಗ್ ದಾಟಿದ ಮೇಲೆ ಬರುವ ಲೋಕ ಕಲ್ಯಾಣ ಮಾರ್ಗ ನಿಲ್ದಾಣಕ್ಕೆ 2016ರವರೆಗೆ ರೇಸ್ ಕೋರ್ಸ್ ಎಂಬ ಹೆಸರಿತ್ತು. ಪ್ರಧಾನಿಯವರ ನಿವಾಸವಿರುವ ರಸ್ತೆಯ ಹೆಸರೂ ಅದೇ ಆಗಿತ್ತು. ಬೆಂಗಳೂರಿನಲ್ಲಿಯೂ ರೇಸ್ ಕೋರ್ಸ್ ರಸ್ತೆಗೆ 2023ರಲ್ಲಿ ನಟ ಅಂಬರೀಶ್ ಅವರ ಹೆಸರನ್ನು ಇಡಲಾಯಿತು. ಹೆಸರುಗಳು ಬದಲಾದರೂ 1940ರಲ್ಲಿ ಸ್ಥಾಪನೆಯಾದ ಡೆಲ್ಲಿ ರೇಸ್ ಕ್ಲಬ್ ಮತ್ತು 1921ರ ಬೆಂಗಳೂರು ಟರ್ಫ್ ಕ್ಲಬ್ ಎರಡೂ ಕನ್ನಡಿಗರಿಗೆ ಪರಿಚಿತವಾದ ಸಂಸ್ಥೆಗಳೇ. ಪಂದ್ಯದ ಹಣಕಾಸಿನ ವಿಷಯ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ಕುದುರೆ ಓಡುವ ನೆಲದ ವಿಷಯ ಅಷ್ಟಾಗಿ ಬರುವುದಿಲ್ಲವಾದುದರಿಂದ ನಾವು ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಓಟದ ಕುದುರೆಯೊಂದರ ತೂಕ ಸುಮಾರು 500 ಕಿಲೋ. ನಾಗಾಲೋಟದಲ್ಲಿ ಒಂದು ಕ್ಷಣ ಅದರ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಕಾಲಿನ ಮೇಲಿನ ಒತ್ತಡ ದೇಹದ ತೂಕದ ಎರಡು ಪಟ್ಟಿಗಿಂತಲೂ ಅಧಿಕವಾಗಿರುತ್ತದೆ. ನೆಲ ಬಿರುಸಾಗಿದ್ದರೆ ಆ ಪೆಟ್ಟು ಗೊರಸಿನಿಂದ ಮೂಳೆಗೆ ಏರುತ್ತದೆ. ಕೆಸರಾಗಿದ್ದರೆ ಗೊರಸು ಹೂತು, ಅದನ್ನು ಕೀಳುವ ಶ್ರಮದಲ್ಲಿ ಸ್ನಾಯುರಜ್ಜುಗಳು ಜಗ್ಗುತ್ತವೆ. ಇವೆರಡಕ್ಕಿಂತ ಅಪಾಯಕಾರಿಯಾದುದು ಒಂದೆಡೆ ಗಟ್ಟಿ, ಇನ್ನೊಂದೆಡೆ ಮೆದು ಎಂಬಂತಹ ಏರುಪೇರಿನ ನೆಲ. ಏಕೆಂದರೆ ಕುದುರೆ ತನ್ನ ಹೆಜ್ಜೆಯನ್ನು ಹಿಂದಿನ ಹೆಜ್ಜೆಯ ಅನುಭವದಿಂದ ಅಳೆಯುತ್ತದೆ. ಕಾಲು ಮುರಿದ ಕುದುರೆಯನ್ನು ಉಳಿಸುವುದು ಬಹಳ ಕಷ್ಟ. ಅದು ಮನುಷ್ಯರಂತೆ ವಾರಗಟ್ಟಲೆ ಮಲಗಿರಲಾರದು. ಉಳಿದ ಕಾಲುಗಳ ಮೇಲೆ ಭಾರ ಹೆಚ್ಚಿ ಗೊರಸಿನೊಳಗೆ ಬಾವು ಬರುತ್ತದೆ. ಹೀಗಾಗಿ ಬಹುತೇಕ ಸಂದರ್ಭಗಳಲ್ಲಿ ವೈದ್ಯರು ದಯಾಮರಣವನ್ನೇ ನೀಡಬೇಕಾಗುತ್ತದೆ.

ನೆಲದ ಹದವನ್ನು ಅಳೆಯಲು ಪೆನೆಟ್ರೋಮೀಟರ್ ಎಂಬ ಸರಳ ಸಾಧನವಿದೆ. ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟು, ಸರಳು ಹುಲ್ಲುನೆಲದಲ್ಲಿ ಎಷ್ಟು ಇಳಿಯಿತೆಂದು ನೋಡುವುದೇ ಅದರ ಕೆಲಸ. ಅಂಕಿ ಕಡಿಮೆಯಿದ್ದಷ್ಟೂ ನೆಲ ಗಟ್ಟಿ. ಓಟಪಥದ ಹಲವು ಜಾಗಗಳಲ್ಲಿ ಅಳೆದು ಸರಾಸರಿಯನ್ನು ಪ್ರಕಟಿಸುವ ಪದ್ಧತಿ ನಮ್ಮ ದೇಶದ ಕ್ಲಬ್ಬುಗಳಲ್ಲಿಯೂ ಇದೆ. ಆದರೆ ಸರಾಸರಿ ಎಂಬುದು ಮೋಸಗೊಳಿಸುವ ಅಂಕಿ. ತಿರುವಿನಲ್ಲಿ ನೀರು ನಿಂತ ಹತ್ತು ಗಜ ಜಾಗ ಅದರಲ್ಲಿ ಕಾಣಿಸುವುದಿಲ್ಲ, ಕುದುರೆ ಜಾರುವುದಾದರೆ ಅಲ್ಲಿಯೇ. ಸವೆದ ಹುಲ್ಲಿಗೆ ಬಿಡುವು ನೀಡಲು ಒಳಬೇಲಿಯನ್ನು ಸರಿಸಿ ಹೊಸ ನೆಲದಲ್ಲಿ ಓಡಿಸುವುದು ಇನ್ನೊಂದು ಉಪಾಯ. ಮುಂಬಯಿಯವರು ಮಳೆಗಾಲದಲ್ಲಿ ತಮ್ಮ ಓಟಗಳನ್ನು ಪುಣೆಗೆ ಒಯ್ಯುವುದೂ ನೆಲದ ಕಾರಣಕ್ಕೇ. ದೆಹಲಿಯ ತೊಂದರೆ ಬೇರೆ ಬಗೆಯದು. ಮೇ, ಜೂನ್ ತಿಂಗಳ ಬಿಸಿಗಾಳಿಯಲ್ಲಿ ನೆಲ ಒಣಗಿ ಬಿರುಸಾಗುತ್ತದೆ. ಚಳಿಗಾಲದಲ್ಲಿ ನಮ್ಮ ಮಕ್ಕಳನ್ನು ಆಟಕ್ಕೆ ಕಳುಹಿಸಲು ಹಿಂಜರಿಯುವಂತಹ ಹೊಗೆಮಂಜನ್ನೇ ಕುದುರೆಗಳೂ ಉಸಿರಾಡಬೇಕು.

ನೆಲ ಕೈಕೊಟ್ಟರೆ ಏನಾಗುವುದೆಂಬುದು 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಕಂಡಿತು. ಓಟದಲ್ಲಿ ಕುದುರೆಗಳು ಬಿದ್ದು, ಆ ದಿನದ ಉಳಿದ ಓಟಗಳು ರದ್ದಾದವು. ಬಾಜಿ ಕಟ್ಟಿದ ಕೆಲವರು ಸಿಟ್ಟಿಗೆದ್ದು ಆವರಣದಲ್ಲಿ ದಾಂಧಲೆ ನಡೆಸಿದರು. ಓಟ ನಿಲ್ಲಿಸಿದ್ದು ಸರಿಯಾದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ. ಬಿದ್ದ ಕುದುರೆಗಿಂತ ಮುಳುಗಿದ ಬಾಜಿಯೇ ದೊಡ್ಡದೆಂದು ಕಂಡವರಿಗೆ ಹೇಳುವುದೇನಿದೆ?

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಅನೀಟಾದಲ್ಲಿ 2018ರ ಡಿಸೆಂಬರಿನಿಂದ 2019ರ ಜೂನ್‌ವರೆಗೆ 30 ಕುದುರೆಗಳು ಸತ್ತವು. ಆ ವರ್ಷ ಅಲ್ಲಿ ಮಳೆ ಹೆಚ್ಚಾಗಿತ್ತು. ಮಾರ್ಚ್‌ನಲ್ಲಿ ಓಟಗಳನ್ನು ನಿಲ್ಲಿಸಿ ನೆಲವನ್ನು ಪರೀಕ್ಷಿಸಿದರು. ಜಿಲ್ಲಾ ಪ್ರಾಸಿಕ್ಯೂಟರ್ ತನಿಖೆ ನಡೆಸಿ, ಅಪರಾಧಕ್ಕೆ ಆಧಾರ ಸಿಗಲಿಲ್ಲವೆಂದು ವರದಿಯನ್ನು ಬಹಿರಂಗಪಡಿಸಿದರು. ಅಪಾಯ ಕಂಡಾಗ ಓಟಗಳನ್ನು ಕೂಡಲೇ ನಿಲ್ಲಿಸುವ ಅಧಿಕಾರವನ್ನು ರಾಜ್ಯದ ಮಂಡಳಿಗೆ ಕಾನೂನಿನ ಮೂಲಕ ನೀಡಲಾಯಿತು. 2020ರಲ್ಲಿ ಕೇಂದ್ರ ಕಾನೂನೇ ಬಂದು, 2022ರ ಜುಲೈನಿಂದ ಓಟಪಥಗಳ ಸುರಕ್ಷತೆಗೆ ಪ್ರತ್ಯೇಕ ಪ್ರಾಧಿಕಾರ ಕಾರ್ಯಾರಂಭ ಮಾಡಿತು.

ನಮ್ಮಲ್ಲಿ ಹೊಣೆ ಹಲವು ಕೈಗಳಲ್ಲಿ ಹಂಚಿಹೋಗಿದೆ. ಓಟದ ದಿನದ ಅಧಿಕಾರ ಕ್ಲಬ್ಬಿನ ಸ್ಟೀವರ್ಡ್‌ಗಳದು. ಜಾಕಿ, ಟ್ರೇನರ್‌ಗಳ ಮೇಲೆ ವಿಚಾರಣೆ ನಡೆಸಿ ದಂಡ, ಅಮಾನತು ವಿಧಿಸುವವರೂ ಅವರೇ. ಆದರೆ ನೆಲವೇ ಕೆಟ್ಟಿದ್ದರೆ ಅದನ್ನು ನೋಡಿಕೊಳ್ಳಬೇಕಾದ ಕ್ಲಬ್ಬು ತನ್ನನ್ನೇ ತಾನು ವಿಚಾರಿಸಿಕೊಳ್ಳಬೇಕಾಗುತ್ತದೆ. ಇದು ವ್ಯವಸ್ಥೆಯ ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ. ಕರ್ನಾಟಕದಲ್ಲಿ ಪರವಾನಗಿ ನೀಡುವುದು 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯಿದೆಯ ಪ್ರಕಾರ ರಾಜ್ಯ ಸರ್ಕಾರ. 2024ರ ಜೂನ್‌ನಲ್ಲಿ ಸರ್ಕಾರ ಬೆಂಗಳೂರಿಗೆ ಅನುಮತಿ ನಿರಾಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ಮಧ್ಯಂತರ ಅವಕಾಶ ಕೊಟ್ಟರೆ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ಅಲ್ಲಿ ಮುಖ್ಯವಾಗಿ ಚರ್ಚೆಯಾದುದು ಅಕ್ರಮ ಬೆಟ್ಟಿಂಗ್ ಮತ್ತು ತೆರಿಗೆ ವಂಚನೆಯ ಆರೋಪಗಳು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯ ಕೌಶಲದ ಆಟವೆಂದು ತೀರ್ಪಿತ್ತಾಗಲೂ ಪ್ರಶ್ನೆಯಿದ್ದುದು ಜೂಜಿನದೇ.

ಕುದುರೆಯ ಕ್ಷೇಮಕ್ಕೆ ಸಂಬಂಧಿಸಿದ ನಿಯಮಗಳು ಇಲ್ಲವೆಂದಲ್ಲ. 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳ ಅಡಿಯಲ್ಲಿ, ಗಾಳಿ ತುಂಬಿದ, ಪೆಟ್ಟು ತಗ್ಗಿಸುವ ಚಾಟಿಯನ್ನು ಮಾತ್ರ ಬಳಸಬೇಕು. ಅದು ಕ್ಲಬ್ಬಿನ ವಶದಲ್ಲಿರಬೇಕು. ಒಂದು ಓಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹೊಡೆಯಬಾರದು. ಗೆಲ್ಲುವ ಸಾಧ್ಯತೆಯಿಲ್ಲದ ಕುದುರೆಗೂ, ಗುರಿಗಂಬ ದಾಟಿದ ಕುದುರೆಗೂ ಹೊಡೆಯುವಂತಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಹಿಂಸೆಯ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ರೇಸಿನಲ್ಲಿ ಹರಿಯುವ ಹಣದ ಮುಂದೆ ಇದು ಚಹಾದ ಖರ್ಚು. ದಂಡವನ್ನು ಹೆಚ್ಚಿಸುವ ಕರಡು ತಿದ್ದುಪಡಿಯನ್ನು ಕೇಂದ್ರ 2022ರಲ್ಲಿ ಪ್ರಕಟಿಸಿತ್ತು.

ಮದ್ದಿನ ವಿಷಯವೂ ನೆಲದ ವಿಷಯದಿಂದ ದೂರವಿಲ್ಲ. ನೋವು ಮರೆಸುವ ಔಷಧ ಪಡೆದ ಕುದುರೆ ಗಟ್ಟಿ ನೆಲದಲ್ಲಿಯೂ ಹೆಜ್ಜೆ ಹಗುರ ಮಾಡಿಕೊಳ್ಳುವುದಿಲ್ಲ. ಸಣ್ಣ ಬಿರುಕು ಆಗ ದೊಡ್ಡ ಮುರಿತವಾಗುತ್ತದೆ. ಬೆಂಗಳೂರಿನಲ್ಲಿ 2017ರ ಮಾರ್ಚ್‌ನಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮಾದರಿಯಲ್ಲಿ ಅರಿವಳಿಕೆ ಮದ್ದಾದ ಪ್ರೋಕೇನ್ ಕಂಡುಬಂದು, ಪ್ರಕರಣ ಕ್ಲಬ್ಬಿನ ಗೋಡೆ ದಾಟಿ ಪೊಲೀಸ್ ತನಿಖೆಯವರೆಗೆ ಹೋಯಿತು. ಕುದುರೆಗಳ ಮಾದರಿಗಳನ್ನೂ ಪರೀಕ್ಷಿಸುವ ರಾಷ್ಟ್ರೀಯ ಪ್ರಯೋಗಾಲಯ ನಮ್ಮ ದೆಹಲಿಯಲ್ಲಿಯೇ ಇದೆ.

ರೇಸಿಗೆ ಹೋಗುವ ನಮ್ಮ ಓದುಗರು ಆ ದಿನದ ಪೆನೆಟ್ರೋಮೀಟರ್ ಅಂಕಿಯನ್ನು, ಬೇಲಿಯನ್ನು ಎಷ್ಟು ಸರಿಸಿದ್ದಾರೆಂಬುದನ್ನು ರೇಸ್ ಪುಸ್ತಿಕೆಯಲ್ಲಿ ಅಥವಾ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಚಾಟಿಯ ನಿಯಮ ಮೀರಿದ್ದು ಕಂಡರೆ ಓಟದ ಸಂಖ್ಯೆ, ಕುದುರೆಯ ಹೆಸರು ಗುರುತು ಹಾಕಿಕೊಂಡು ಅಂದೇ ಸ್ಟೀವರ್ಡ್‌ಗಳಿಗೆ ಬರೆದುಕೊಡುವುದು ಒಳ್ಳೆಯದು. ಅದರ ಪ್ರತಿಯನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೂ ಕಳುಹಿಸಬಹುದು. ಚೆನ್ನೈಯಲ್ಲಿದ್ದ ಈ ಮಂಡಳಿಯ ಕೇಂದ್ರ ಕಚೇರಿ 2018ರಲ್ಲಿ ನಮ್ಮ ನೆರೆಯ ಫರೀದಾಬಾದ್ ಜಿಲ್ಲೆಯ ಬಲ್ಲಭಗಢಕ್ಕೆ ಸ್ಥಳಾಂತರಗೊಂಡಿದೆ.