ನಕಾಶೆ, ಸರದಿ, ಸಮ್ಮತಿ: ಆಟದ ಊರು ಕಟ್ಟುವವರಿಗೆ ಸೊಲ್ಲಾಪುರ ಹೇಳುವುದೇನು?

ಇತಿಹಾಸದ ಸೆಮಿನಾರಿನಲ್ಲಿ ಆಟದ ನಕಾಶೆಗೇನು ಕೆಲಸ ಅಂತ ಕೆಲವರು ಕೇಳಿದರು. ಅದಕ್ಕೆ ಉತ್ತರ ಕೊಡೋದೇ ಇವತ್ತಿನ ನನ್ನ ಮಾತು.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರ ಹಿಡಿದು, ಮಾತಿನಲ್ಲೇ ಕಥೆ ನಡೆಸುವ ಆಟ. ಗೇಮ್ ಮಾಸ್ಟರ್ ಆದವರು ಊರು, ಜನ, ಅಡ್ಡಿ ಆತಂಕ ಒದಗಿಸ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಚ್ಚಾಯಿತು. ಎರಡೇ ವರ್ಷಕ್ಕೆ, 1976ರಲ್ಲಿ, ಜಡ್ಜಸ್ ಗಿಲ್ಡ್ ಸಂಸ್ಥೆ ‘ಸಿಟಿ ಸ್ಟೇಟ್ ಆಫ್ ದಿ ಇನ್ವಿನ್ಸಿಬಲ್ ಓವರ್‌ಲಾರ್ಡ್’ ಅನ್ನುವ ಇಡೀ ಪಟ್ಟಣದ ನಕಾಶೆ ತಂತು. ಬೀದಿಬೀದಿಯ ಅಂಗಡಿ, ಅದರ ಯಜಮಾನ, ಅಲ್ಲಿ ಕೇಳಿಬರುವ ಗಾಳಿಮಾತು ಕೂಡ ಅದರ ಜೊತೆಗಿದ್ದವು. 1988ರ ವಾಟರ್‌ಡೀಪ್ ನಕಾಶೆಗಳ ಪೆಟ್ಟಿಗೆ, 2006ರ 600ಕ್ಕೂ ಹೆಚ್ಚು ಪುಟಗಳ ‘ಟಾಲಸ್’ ಇದೇ ದಾರಿ ಹಿಡಿದವು.

ಇಷ್ಟೊಂದು ವಿವರ ಯಾಕೆ ಬೇಕು? ಊರು ನಿಜ ಅನ್ನಿಸಲಿ ಅಂತ, ಎಂಬುದು ಸಾಮಾನ್ಯ ಉತ್ತರ. ನನ್ನ ವಾದ ಬೇರೆ. ನಕಾಶೆಯ ವಿವರ ಇರೋದು ನಂಬಿಸೋದಕ್ಕಲ್ಲ, ಹೊಣೆ ಹಂಚೋದಕ್ಕೆ. ಇದನ್ನು ಸೊಲ್ಲಾಪುರದಿಂದಲೇ ತೋರಿಸಬಹುದು.

ಒಂದು ಊರಿನ ಮೇಲೆ ಇನ್ನೊಂದು ಊರು

13ನೇ ಶತಮಾನದ ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳುವ ಕಥೆ ನಮಗೆಲ್ಲ ಗೊತ್ತು. ಸೊನ್ನಲಿಗೆಯ ಹೊಲದಲ್ಲಿದ್ದ ಹುಡುಗನ ಬಳಿ ಜಂಗಮನೊಬ್ಬ ಬಂದು ಉಣ್ಣಲು ಕೇಳ್ತಾನೆ. ಹುಡುಗ ಮನೆಗೆ ಓಡಿ ಊಟ ತರುವಷ್ಟರಲ್ಲಿ ಆತ ಮಾಯ. ‘ಮಲ್ಲಯ್ಯಾ’ ಅಂತ ಹುಡುಕುತ್ತ ಹುಡುಗ ಶ್ರೀಶೈಲದ ತನಕ ಹೋಗ್ತಾನೆ. ಅಲ್ಲಿ ದರ್ಶನ ಕೊಟ್ಟ ಮಲ್ಲಯ್ಯ ಅವನನ್ನು ಸೊನ್ನಲಿಗೆಗೇ ತಿರುಗಿ ಕಳಿಸ್ತಾನೆ. ಸಿದ್ಧರಾಮ ಕೆರೆ ಕಟ್ಟಿಸಿದ. 68 ಲಿಂಗಗಳನ್ನು ಊರ ಸುತ್ತ ಸ್ಥಾಪಿಸಿದ ಅಂತ ಪರಂಪರೆ ಹೇಳುತ್ತದೆ. ಊರು ಅಭಿನವ ಶ್ರೀಶೈಲ ಆಯಿತು. ದೂರದ ಕ್ಷೇತ್ರವೊಂದನ್ನು ತನ್ನ ಊರಿನ ಮೇಲೆ ಹಾಸೋದು ನಕಾಶೆಯ ಕೆಲಸವೇ. ಕಾಗದ ಮಾತ್ರ ಇಲ್ಲ.

ಈ ನಕಾಶೆಯನ್ನು ಪ್ರತಿ ವರ್ಷ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಜನ ನಡೆದು ಓದ್ತಾರೆ. ಮೊದಲ ದಿನ ಏಳು ನಂದಿಧ್ವಜಗಳು 68 ಲಿಂಗಗಳ ಸುತ್ತು ಹಾಕುತ್ತವೆ, ಲಿಂಗಗಳಿಗೆ ಎಣ್ಣೆಮಜ್ಜನ ಆಗುತ್ತದೆ. ಈ ಕನ್ನಡ ಪದವನ್ನೇ ಅಲ್ಲಿಯ ಮರಾಠಿ ಮಂದಿಯೂ ಬಳಸ್ತಾರೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಆಮೇಲೆ ಹೋಮ, ಮದ್ದು ಸುಡುವುದು. ಅಕ್ಷತೆ ಬೀಳುವುದು ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆಯುವ ಮದುವೆಗೆ. ಆಕೆ ಸಿದ್ಧರಾಮನನ್ನೇ ವರಿಸಬೇಕು ಅಂದಳು, ಆತ ತನ್ನ ದಂಡವನ್ನು ಮದುವೆಯಾಗು ಅಂದ, ಅಂತ ಕಥೆ. ಅಂದರೆ ಇಲ್ಲೊಂದು ಕೋಲು ಮದುಮಗನ ಪಾತ್ರ ವಹಿಸುತ್ತದೆ.

ಗಮನಿಸಬೇಕಾದದ್ದು ಏನಂದ್ರ, ಯಾವ ಧ್ವಜ ಮುಂದೆ, ಯಾವುದು ಹಿಂದೆ ಅನ್ನೋ ಸರದಿ ಗೊತ್ತಿದೆ. ಯಾವ ಧ್ವಜ ಯಾವ ಸಮುದಾಯದ ಮಾನ ಅನ್ನೋದೂ ಗೊತ್ತಿದೆ. ಇಲ್ಲಿ ಒಂದು ಜಾಗದ ಹೆಸರು ಹೇಳಿದರೆ ಅಲ್ಲಿ ಯಾರು ಏನು ಮಾಡಬೇಕು ಅನ್ನೋದೂ ಅದರೊಳಗೇ ಬಂತು.

ನಮ್ಮ ಮೇಜಿನಲ್ಲಿ

ನಾವು ಐದು ಮಂದಿ, ಕನ್ನಡ, ಮರಾಠಿ, ತೆಲುಗು ಮನೆಗಳವರು, ಇದೇ ರಚನೆಯ ಮೇಲೆ ಒಂದು ವರ್ಷ ಆಟ ಆಡಿದ್ವಿ. ದೇವರ ಹೆಸರು, ಊರಿನ ಹೆಸರು ಬಿಟ್ವಿ. ಕೆರೆ, 68 ನಿಲುಗಡೆ, ಕಟ್ಟೆ, ಕೋಲು ಇಷ್ಟನ್ನು ಇಟ್ಟುಕೊಂಡ್ವಿ. ಒಬ್ಬ ಗೆಳತಿ ಕುಂಬಾರರ ಮಗಳ ಪಾತ್ರ ಹಿಡಿದಳು. ಕಟ್ಟೆಯ ಹತ್ತಿರ ಬಂದಾಗ ಕೇಳಿದಳು: “ಇದು ಸಮ್ಮತಿ ಕಟ್ಟೆ ಅಂತೀರಿ. ಸಮ್ಮತಿ ಯಾರದು? ನಾ ಒಲ್ಲೆ ಅಂದ್ರ?”

ಬರೀ ಬೀದಿ, ಗೋಡೆ ಬರೆದ ನಕಾಶೆಯಾಗಿದ್ದರೆ ಆಟ ಅಲ್ಲೇ ನಿಲ್ಲುತ್ತಿತ್ತು. ಆದರೆ ಪ್ರತಿ ನಿಲುಗಡೆಗೂ ಒಬ್ಬ ಮಾನಕರಿ ಇದ್ದ. ಮೆರವಣಿಗೆಯನ್ನು ಮುಂದೆ ಬಿಡಬೇಕೋ ತಡೆಯಬೇಕೋ ಅಂತ ಪ್ರತಿಯೊಬ್ಬನೂ ನಿರ್ಧರಿಸಬೇಕಾಯಿತು. ಒಬ್ಬಳ ‘ಒಲ್ಲೆ’ಗೆ 68 ಕಡೆ ಉತ್ತರ ಕೊಡಬೇಕಾಗಿ ಬಂತು.

ಕೊನೆಗೆ ಆಕೆ ಊರು ಬಿಟ್ಟು ಪಕ್ಕದ ಸಂಸ್ಥಾನಕ್ಕೆ ಹೋದಳು. ಇದಕ್ಕೆ ಮಾದರಿ ಅಕ್ಕಲಕೋಟೆ. ಸೊಲ್ಲಾಪುರದಿಂದ ಸುಮಾರು 40 ಕಿ.ಮೀ.; ಸೊಲ್ಲಾಪುರ ಬ್ರಿಟಿಷ್ ಜಿಲ್ಲೆಯಾಗಿದ್ದ ಕಾಲದಲ್ಲಿ ಅದು ಭೋಸಲೆ ಮನೆತನದ ಸಂಸ್ಥಾನ, 1948ರಲ್ಲಿ ವಿಲೀನವಾಯಿತು. ಒಂದು ದಿನ ಎತ್ತಿನ ಗಾಡಿ ಹೊಡೆದರೆ ದೊರೆ ಬದಲಾಗುತ್ತಿದ್ದ. ಭಾಷೆ ಮಾತ್ರ ಗಡಿ ಕೇಳಲಿಲ್ಲ: ನಾಗಣಸೂರ, ತೋಳನೂರ, ಹನ್ನೂರ ಅನ್ನುವ ಹೆಸರುಗಳಲ್ಲಿ ಕನ್ನಡದ ‘ಊರು’ ಇವತ್ತಿಗೂ ಕೂತಿದೆ. ಆಟದ ನಕಾಶೆಗೆ ಹೆಸರು ಇಡುವವರು ಇದನ್ನು ನೋಡಬೇಕು. ಒಂದೇ ಭಾಷೆಯಲ್ಲಿ ಹೆಸರು ತುಂಬಿದರೆ ಅರ್ಧ ಊರಿಗೆ ಮಾತೇ ಇರೋದಿಲ್ಲ.

ಚರ್ಚೆಯಿಂದ

‘ಜೀವಂತ ಜಾತ್ರೆಯನ್ನು ಆಟಕ್ಕೆ ಎಳೆಯೋದು ಸರಿಯಾ?’ ಅಂತ ಪ್ರಾಧ್ಯಾಪಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಜಾತ್ರೆಯಲ್ಲಿ ಧ್ವಜ ಹೊರುವವರಿಗೆ ಅದು ಆಟವಲ್ಲ, ಅವರ ಮಾನ ದಾಳ ಉರುಳಿಸುವ ವಸ್ತುವೂ ಅಲ್ಲ. ಹೆಸರು ಬಿಟ್ಟದ್ದು ಅದಕ್ಕೇ. ಆದರೆ ಕುಂಬಾರ ಕನ್ಯೆಯ ಸಮ್ಮತಿಯ ಪ್ರಶ್ನೆ ನಾವು ಹೊರಗಿನಿಂದ ತಂದದ್ದಲ್ಲ, ಅದು ಕಟ್ಟೆಯ ಹೆಸರಿನಲ್ಲೇ ಇತ್ತು. ದಾಖಲೆ ಓದುವಾಗ ನಾವು ಕೇಳಲು ಮರೆಯುವ ಪ್ರಶ್ನೆಯನ್ನು ಆ ಪಾತ್ರ ಹಿಡಿದವಳು ಕೇಳಿದಳು. ಇತಿಹಾಸದ ವಿದ್ಯಾರ್ಥಿಗೆ ಈ ಆಟದಿಂದ ಸಿಗುವ ಲಾಭ ಇದು. ನಕಾಶೆಯ ಪ್ರತಿ ಹೆಸರಿನ ಎದುರು ಯಾರ ಸರದಿ, ಯಾರ ಮಾನ, ಯಾರ ಸಮ್ಮತಿ ಅಂತ ಬರೆದು ನೋಡ್ರಿ. ಖಾಲಿ ಉಳಿಯುವ ಜಾಗದಲ್ಲೇ ನಮ್ಮ ಮುಂದಿನ ಸಂಶೋಧನೆ ಇದೆ.