ಉಚಿತವಾಗಿ ಬಂದ ಅಕ್ಷರಗಳು



ಗೋಣಿಕೊಪ್ಪಲಿನ ಮಳೆಗಾಲವನ್ನು ಕಂಡವರಿಗೆ ಇಲ್ಲಿ ಕಾಗದದ ಆಯುಷ್ಯವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ನನ್ನ ಅಣ್ಣನವರು ಕಾಫಿ ತೋಟವೊಂದರಲ್ಲಿ ಬಹುಕಾಲ ರೈಟರಾಗಿದ್ದವರು. ನಿವೃತ್ತರಾದ ಮೇಲೆ ತಮ್ಮ ನೆನಪುಗಳನ್ನು ಎರಡು ನೋಟುಪುಸ್ತಕಗಳಲ್ಲಿ ಬರೆದಿಟ್ಟರು. 2003ರಲ್ಲಿ ಅವನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸಿ, ಒಂದು ಸಿ.ಡಿ.ಯಲ್ಲಿ ಹಾಕಿಸಿ, “ಇನ್ನು ಇದಕ್ಕೆ ಗೆದ್ದಲಿನ ಭಯವಿಲ್ಲ” ಎಂದು ನನ್ನ ಕೈಗಿತ್ತರು. ನೋಟುಪುಸ್ತಕಗಳು ಬೂಷ್ಟು ಹಿಡಿದು ಹಾಳಾದವು. ಕೆಲವು ವರ್ಷಗಳಲ್ಲಿ ಅಣ್ಣನವರೂ ತೀರಿಕೊಂಡರು.

ಕಳೆದ ವರ್ಷ ಅವರ ಮೊಮ್ಮಗಳು ಮೈಸೂರಿನಿಂದ ಬಂದಿದ್ದಾಗ ಆ ಸಿ.ಡಿ.ಯ ಕಡತವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಅದರ ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! “ಅಜ್ಜಾ, ದೊಡ್ಡಜ್ಜ ಇದನ್ನು ಯಾವ ಭಾಷೆಯಲ್ಲಿ ಬರೆದರು?” ಎಂದು ಆ ಹುಡುಗಿ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅಣ್ಣನವರ ಬರಹ ಎರಡನೆಯ ಸಲ ಕಳೆದುಹೋಯಿತೆಂದೇ ಭಾವಿಸಿದೆ.

ಇದು ಹೇಗಾಯಿತೆಂಬುದನ್ನು ತಿಳಿಯಲು ಹೊರಟವನಿಗೆ ಕನ್ನಡದ ಒಂದು ಸ್ವಾರಸ್ಯಕರ ಚರಿತ್ರೆಯೇ ದೊರಕಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಗಣಕವು ಹುಟ್ಟಿದ್ದು ಇಂಗ್ಲಿಷಿನ ಮನೆಯಲ್ಲಿ. ಅದು ಅಕ್ಷರವನ್ನು ಅಕ್ಷರವೆಂದು ತಿಳಿಯದು. ಸಂಖ್ಯೆಯೆಂದು ಮಾತ್ರ ತಿಳಿಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಅಂತಹ ಸ್ಥಾನಗಳು ಹೆಚ್ಚೆಂದರೆ 256. ಕನ್ನಡಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಆದುದರಿಂದ ನಮ್ಮವರು ಒಂದು ಜಾಣತನ ಮಾಡಿದರು. ತಲೆಕಟ್ಟು, ಕೊಂಬು, ಒತ್ತಕ್ಷರ ಎಂದು ಕನ್ನಡ ಲಿಪಿಯನ್ನು ತುಂಡುತುಂಡಾಗಿ ಬಿಡಿಸಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಆ ಅಕ್ಷರಶೈಲಿ, ಅಂದರೆ ಫಾಂಟು, ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಪೌಂಡು ಚಿಹ್ನೆ ಹೊರಬೀಳುತ್ತಿತ್ತು. ಅಣ್ಣನವರ ಬರಹಕ್ಕೆ ಆದದ್ದು ಇದೇ.

ಆದರೆ ಆ ಜಾಣತನವನ್ನು ಹಳಿಯುವುದು ಕೃತಘ್ನತೆಯಾದೀತು. ಅಂದು ಅದಲ್ಲದೆ ಬೇರೆ ದಾರಿಯಿರಲಿಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಹಂಚಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಅದಕ್ಕಿಟ್ಟರು. ಅವರು ರಚಿಸಿದ ಕೀಲಿಮಣೆಯ ವಿನ್ಯಾಸವನ್ನು ಕಂಡಾಗ, ಮಕ್ಕಳಿಗೆ ಕಾಗುಣಿತ ತಿದ್ದಿಸಿದ ನನಗೆ ಅದು ಅಪರಿಚಿತವೆನಿಸಲಿಲ್ಲ. ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಸಹಿತ ಒತ್ತಿದರೆ ‘ಖ’; ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ವ್ಯಂಜನಕ್ಕೆ ಸ್ವರ ಸೇರಿಸುತ್ತ ಹೋದರೆ ಗುಣಿತಾಕ್ಷರ ತಾನಾಗಿ ಮೂಡುತ್ತದೆ. ಕರ್ನಾಟಕ ಸರ್ಕಾರವು ಇದನ್ನೇ ಶಿಷ್ಟ ವಿನ್ಯಾಸವನ್ನಾಗಿ ಅಂಗೀಕರಿಸಿತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಟೈಪಿಸಿದರೆ ಕನ್ನಡ ಮೂಡುವ ಆ ತಂತ್ರಾಂಶದ ಮೊದಲ ಆವೃತ್ತಿಗಳು ಉಚಿತವಾಗಿಯೇ ದೊರೆಯುತ್ತಿದ್ದವು. ಹೊರದೇಶಗಳಲ್ಲಿದ್ದ ನಿಮ್ಮಲ್ಲಿ ಹಲವರು ನನಗೆ ಮೊದಲ ಕನ್ನಡ ಮಿಂಚಂಚೆಯನ್ನು ಕಳುಹಿಸಿದ್ದು ಅದರ ಸಹಾಯದಿಂದಲೇ ಎಂಬುದು ನೆನಪಿದೆ. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರ್ಕಾರಿ ಕಚೇರಿಗಳನ್ನೂ ಊರೂರಿನ ಡಿ.ಟಿ.ಪಿ. ಅಂಗಡಿಗಳನ್ನೂ ಸೇರಿತು.

ನಿಜವಾದ ಪರಿಹಾರ ಬೇರೊಂದು ಕಡೆ ಸಿದ್ಧವಾಗುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ನೀಡುವ ‘ಯೂನಿಕೋಡ್’ ವ್ಯವಸ್ಥೆಯು 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಬಳಕೆಗೂ ಬಂದಿತು. ಕನ್ನಡ ತಂತ್ರಾಂಶದ ವಿಷಯದಲ್ಲಿ ಹಿಂದುಳಿದರೆ ಭಾಷೆಯೇ ಹಿಂದುಳಿಯುತ್ತದೆಂದು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಎಚ್ಚರಿಸುತ್ತಲೇ ಇದ್ದರು. ಅವರು 2007ರಲ್ಲಿ ನಮ್ಮನ್ನಗಲಿದರು. ಕರ್ನಾಟಕ ಸರ್ಕಾರವು ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ, ಕಚೇರಿಗಳ, ಪತ್ರಿಕೆಗಳ ಬರಹ ಹಳೆಯ ಸಂಕೇತದಲ್ಲೇ ಉಳಿದುಬಿಟ್ಟಿತ್ತು.

ಅದನ್ನು ಬಿಡಿಸಿಕೊಟ್ಟವರೂ ಉಚಿತವಾಗಿ ದುಡಿದವರೇ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳನ್ನು ರಚಿಸಿದ ಅರವಿಂದ ವಿ. ಕೆ. ಅವರು, ನುಡಿ ಮತ್ತು ಬರಹಗಳ ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವೊಂದನ್ನು ಅಂತರಜಾಲದಲ್ಲಿ ಇರಿಸಿದ್ದಾರೆ. ಮೊಮ್ಮಗಳು ಅದನ್ನು ಹುಡುಕಿ, ಆ ಅರ್ಥವಿಲ್ಲದ ಪಠ್ಯವನ್ನು ಒಂದು ಚೌಕದಲ್ಲಿ ಅಂಟಿಸಿ, ಗುಂಡಿಯೊಂದನ್ನು ಒತ್ತಿದಳು. ಕ್ಷಣಾರ್ಧದಲ್ಲಿ ಅಣ್ಣನವರ ಮೊದಲ ವಾಕ್ಯ ಕನ್ನಡದಲ್ಲಿ ಕಾಣಿಸಿತು. ಅಲ್ಲಲ್ಲಿ ಅರ್ಕಾವತ್ತುಗಳು ಸ್ಥಾನ ತಪ್ಪಿದ್ದವು. ಅವನ್ನು ಮೂರು ದಿನ ಕುಳಿತು ತಿದ್ದಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿದ ಕೈಗೆ ಅಣ್ಣನ ಬರಹವನ್ನು ತಿದ್ದುವ ಯೋಗವೂ ಒದಗಿತು. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲಗಳನ್ನು ತೂಗುವಾಗ, ಬಸುರಿ ಹೆಣ್ಣುಮಗಳೊಬ್ಬಳ ಲೆಕ್ಕಕ್ಕೆ ತಾವು ದಿನವೂ ಒಂದಿಷ್ಟು ಹೆಚ್ಚು ಬರೆಯುತ್ತಿದ್ದುದನ್ನು ಅವರು ಅಲ್ಲಿ ಒಪ್ಪಿಕೊಂಡಿದ್ದಾರೆ. ಬದುಕಿದ್ದಾಗ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಇಂತಹ ಕೊಡುಗೆಗಳು ಇನ್ನೂ ಇವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಸ್ವಯಂಸೇವಕರ ಶ್ರಮದಿಂದ ಬೆಳೆದದ್ದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಕಲಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಿಂದ ಅಂತರಜಾಲದಲ್ಲಿ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ನಮ್ಮ ಕೊಡಗಿಗಂತೂ ಇದರಲ್ಲಿ ಇಮ್ಮಡಿ ಲಾಭ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಕನ್ನಡಕ್ಕೆ ಮಾಡಿದ ಅಕ್ಷರಸೇವೆ ಕೊಡವ ತಕ್ಕಿಗೂ ಸಲ್ಲುತ್ತದೆ.

ಉಚಿತವೆಂಬುದಕ್ಕೂ ಮುಕ್ತವೆಂಬುದಕ್ಕೂ ಇರುವ ಅಂತರವನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ಉಚಿತ ವಸ್ತುವಿಗೆ ನಾಳೆ ಬೆಲೆ ಬರಬಹುದು, ಅಥವಾ ಅದು ಮರೆಯಾಗಬಹುದು. ಎಲ್ಲರಿಗೂ ಸೇರಿದ ಸಂಕೇತದಲ್ಲಿ ಬರೆದುದನ್ನು ಮಾತ್ರ ಯಾವ ಯಂತ್ರವಾದರೂ ಓದಬಲ್ಲದು.

ನಿಮ್ಮ ಮನೆಗಳಲ್ಲಿಯೂ ಹಳೆಯ ಸಿ.ಡಿ., ಫ್ಲಾಪಿಗಳಿರಬಹುದು. ಸಿ.ಡಿ.ಗಳೂ ಶಾಶ್ವತವಲ್ಲ. ಈ ಮಳೆಗಾಲ ಮುಗಿಯುವುದರೊಳಗೆ ಒಮ್ಮೆ ತೆರೆದು ನೋಡಿರಿ. ಪರದೆಯಲ್ಲಿ ಪೌಂಡು ಚಿಹ್ನೆ ಕಂಡರೆ ಎಸೆಯಬೇಡಿ, ನನಗೆ ಕಳುಹಿಸಿರಿ. ಅರ್ಕಾವತ್ತು ತಿದ್ದಿಕೊಡಲು ನಿಮ್ಮ ಹಳೆಯ ಮೇಷ್ಟ್ರಿಗೆ ಈಗ ಬೇಕಾದಷ್ಟು ಬಿಡುವಿದೆ.